ಕಸ್ಟಡಿ ಕೇಸಿನಲ್ಲಿ ಅಪ್ಪನಿಗೂ ವಕೀಲರಿದ್ದಾರೆ, ಅಮ್ಮನಿಗೂ ವಕೀಲರಿದ್ದಾರೆ. ಮಗುವಿನ ಮಾತು ಹೇಳುವವರು ಯಾರು?

ತುಮಕೂರು_ಮಾಮ

ಎಲ್ಲರಿಗೂ ನಮಸ್ಕಾರ. ಇಲ್ಲಿ ಓದುತ್ತಾ ಬಂದಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ನನ್ನ ಅಕ್ಕನ ಮಗಳಿಗೆ ಈಗ 9 ವರ್ಷ. ಅಕ್ಕ, ಭಾವ ಬೇರೆಯಾಗಿ ಎರಡೂವರೆ ವರ್ಷ ಆಯಿತು. ಮಗು ಅಕ್ಕನ ಜೊತೆ ನಮ್ಮ ಮನೆಯಲ್ಲೇ ಇದೆ. ಕೌಟುಂಬಿಕ ನ್ಯಾಯಾಲಯದಲ್ಲಿ ಕಸ್ಟಡಿ ಕೇಸ್ ನಡೆಯುತ್ತಿದೆ. ಮಧ್ಯಂತರ ಆದೇಶದ ಪ್ರಕಾರ ತಿಂಗಳಿಗೆ ಎರಡು ಭಾನುವಾರ ಅವಳು ಅಪ್ಪನ ಜೊತೆ ಇರಬೇಕು. ಬೆಳಗ್ಗೆ ಬಿಟ್ಟು ಸಂಜೆ ಕರೆದುಕೊಂಡು ಬರುವ ಕೆಲಸ ನನ್ನದು.

ಹೋದ ಭಾನುವಾರ ವಾಪಸ್ ಬರುವಾಗ ಅವಳ ಕಾಲಲ್ಲಿ ಹೊಸ ಬೆಳ್ಳಿ ಗೆಜ್ಜೆ ಇತ್ತು. ಅಪ್ಪ ಕೊಡಿಸಿದ್ದಂತೆ. ಆಟೋದಲ್ಲಿ ದಾರಿಯುದ್ದಕ್ಕೂ ಕಾಲಾಡಿಸಿ ಸದ್ದು ಮಾಡಿಕೊಂಡು ಬಂದಳು. ನಮ್ಮ ಬೀದಿಯ ತಿರುವು ಬರುತ್ತಿದ್ದ ಹಾಗೆ ಬಗ್ಗಿ ಎರಡನ್ನೂ ಬಿಚ್ಚಿದಳು. ಬ್ಯಾಗಿನಿಂದ ಪೆನ್ಸಿಲ್ ಬಾಕ್ಸ್ ತೆಗೆದು ಒಳಗಿಟ್ಟಳು. ಸದ್ದಾಗಬಾರದು ಅಂತ ಮೇಲೆ ಕರ್ಚೀಫ್ ಮಡಚಿ ತುರುಕಿದಳು. ನಾನು ನೋಡುತ್ತಿದ್ದೇನೆ ಅಂತ ಗೊತ್ತಾದ ಮೇಲೆ "ಅಮ್ಮಂಗೆ ಬೇಜಾರಾಗುತ್ತೆ ಮಾಮ" ಅಂದಳು. ಅಷ್ಟೇ.

ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅಕ್ಕನ ಕಡೆಗೆ ಒಬ್ಬರು ವಕೀಲರಿದ್ದಾರೆ, ಭಾವನ ಕಡೆಗೆ ಇಬ್ಬರಿದ್ದಾರೆ. ಈ ಮಗುವಿನ ಕಡೆಗೆ ಯಾರಿದ್ದಾರೆ? ಮುಂದಿನ ವಾಯಿದೆಗೆ ಮಗುವನ್ನು ಕರೆತರಲು ಹೇಳಿದ್ದಾರೆ, ಜಡ್ಜ್ ಚೇಂಬರ್‌ನಲ್ಲಿ ಮಾತಾಡಿಸುತ್ತಾರಂತೆ. ಅವಳಿಗೆ ಏನು ಹೇಳಿಕೊಟ್ಟು ಕಳಿಸಬೇಕು? ಅವಳ ಪರವಾಗಿ ನಾನೇ ಮಾತಾಡಬಹುದಾ? ಭಾವ ತಡವಾಗಿ ಬಂದ ದಿನ, ಸರಿಯಾಗಿ ಊಟ ಮಾಡಿಸದ ದಿನ ಎಲ್ಲವನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೇನೆ. ಅದು ಉಪಯೋಗಕ್ಕೆ ಬರುತ್ತಾ?

ನಿರ್ವಾಹಕರು

ಮಗುವಿನ ಹೆಸರು, ಶಾಲೆ, ಕೇಸ್ ನಂಬರ್ ಯಾರೂ ಇಲ್ಲಿ ಹಾಕಬೇಡಿ, ಕೇಳಲೂ ಬೇಡಿ. ಇಂಥ ಕೇಸುಗಳಲ್ಲಿ ಎರಡು ಕಡೆಯವರಲ್ಲಿ ಒಬ್ಬರು ಕೇಳಿದರೂ ವಿಚಾರಣೆಯನ್ನು ಬಾಗಿಲು ಮುಚ್ಚಿ ನಡೆಸಬೇಕು ಅಂತ ಕಾನೂನೇ ಹೇಳುತ್ತದೆ. ನಾವೂ ಆ ಎಚ್ಚರ ಇಟ್ಟುಕೊಳ್ಳೋಣ.

ಧಾರವಾಡದ_ವಕೀಲೆ

ಮೊದಲು ಒಂದು ಮಾತು. ದಯವಿಟ್ಟು ಅವಳಿಗೆ ಏನನ್ನೂ ಹೇಳಿಕೊಟ್ಟು ಕಳಿಸಬೇಡಿ. ಕೌಟುಂಬಿಕ ನ್ಯಾಯಾಲಯದ ಜಡ್ಜ್‌ಗಳು ದಿನವೂ ಮಕ್ಕಳನ್ನು ನೋಡುತ್ತಾರೆ. 9 ವರ್ಷದ ಮಗು ದೊಡ್ಡವರ ಮಾತನ್ನು ಒಪ್ಪಿಸಿದರೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ಆಮೇಲೆ ಆ ಮಗು ನಿಜ ಹೇಳಿದರೂ ಅದಕ್ಕೆ ತೂಕ ಇರುವುದಿಲ್ಲ.

ಈಗ ಕಾನೂನು. ನೀವು ಹಿಂದೂಗಳು ಅಂದುಕೊಂಡು ಬರೆಯುತ್ತಿದ್ದೇನೆ. 1956ರ ಹಿಂದೂ ಅಪ್ರಾಪ್ತರ ಪಾಲಕತ್ವ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಮಗುವಿನ ಹಿತವೇ ಎಲ್ಲಕ್ಕಿಂತ ಮುಖ್ಯ. ಅಪ್ಪನ ಹಕ್ಕು, ಅಮ್ಮನ ಹಕ್ಕು ಆಮೇಲಿನದು. 5 ವರ್ಷ ತುಂಬದ ಮಗು ಸಾಮಾನ್ಯವಾಗಿ ಅಮ್ಮನ ಬಳಿ ಇರಬೇಕು ಅಂತ 6ನೇ ಸೆಕ್ಷನ್‌ನಲ್ಲಿದೆ. ನಿಮ್ಮ ಅಕ್ಕನ ಮಗಳಿಗೆ ಆ ವಯಸ್ಸು ದಾಟಿದೆ. "ಹೆಣ್ಣುಮಗು ಅಂದಮೇಲೆ ಅಮ್ಮನಿಗೇ" ಅಂತ ಜನ ಹೇಳುವುದು ಕಾನೂನಿನಲ್ಲಿ ಎಲ್ಲೂ ಇಲ್ಲ. ಇನ್ನು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 17ನೇ ಸೆಕ್ಷನ್. ತಿಳಿದು ಹೇಳುವಷ್ಟು ವಯಸ್ಸಾಗಿದ್ದರೆ ಮಗುವಿನ ಇಷ್ಟವನ್ನು ಜಡ್ಜ್ ಪರಿಗಣಿಸಬಹುದು ಅನ್ನುತ್ತದೆ ಅದು. "ಪರಿಗಣಿಸಬಹುದು" ಅನ್ನುವ ಪದ ನೋಡಿ. ಮಗು ಹೇಳಿದ್ದೇ ತೀರ್ಪು ಅಲ್ಲ. ಈ ಒಂದು ವಿಷಯವನ್ನು ಮನೆಯವರು ಸರಿಯಾಗಿ ತಿಳಿದುಕೊಂಡರೆ ಮಗುವಿನ ತಲೆ ಮೇಲಿನ ಅರ್ಧ ಭಾರ ಇಳಿಯುತ್ತದೆ.

ಮಗುವಿಗೇ ಅಂತ ಒಬ್ಬ ವಕೀಲರನ್ನು ನೇಮಿಸಲೇಬೇಕು ಅನ್ನುವ ನಿಯಮ ನಮ್ಮಲ್ಲಿ ಇಲ್ಲ. ಆದರೆ ದಾರಿಗಳಿವೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಕೋರ್ಟು ಮಕ್ಕಳ ಮನಃಶಾಸ್ತ್ರ ತಿಳಿದವರ, ಸಮಾಜ ಕಾರ್ಯಕರ್ತರ ನೆರವು ಪಡೆಯಬಹುದು. 13ನೇ ಸೆಕ್ಷನ್‌ನಲ್ಲಿ ಅಮಿಕಸ್ ಕ್ಯೂರಿ, ಅಂದರೆ ಕೋರ್ಟಿಗೆ ನೆರವಾಗುವ ಕಾನೂನು ತಜ್ಞರನ್ನು ಕರೆಸಲು ಅವಕಾಶ ಇದೆ. ಇದನ್ನು ಅಕ್ಕನ ವಕೀಲರು ಅರ್ಜಿ ಹಾಕಿ ಕೇಳಬೇಕು. ಎಷ್ಟೋ ಕೇಸುಗಳಲ್ಲಿ ಯಾರೂ ಕೇಳುವುದೇ ಇಲ್ಲ. ಕೇಳಿಲ್ಲ ಅಂದರೆ ಸಿಗುವುದೂ ಇಲ್ಲ.

ನಿಮ್ಮ ನೋಟ್‌ಬುಕ್ ಬಗ್ಗೆ ನಾನು ಈಗ ಏನೂ ಹೇಳುವುದಿಲ್ಲ. ಬೇರೆಯವರು ಹೇಳಲಿ.

ಶನಿವಾರದ_ಅಪ್ಪ

ನೋಟ್‌ಬುಕ್ ಬಗ್ಗೆ ನಾನು ಹೇಳುತ್ತೇನೆ. ನನ್ನ ಮೇಲೂ ಯಾರೋ ಹಾಗೆ ಬರೆದಿಟ್ಟಿದ್ದರು. ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡು 20 ನಿಮಿಷ ತಡವಾಗಿದ್ದು, ಮಗ ಐಸ್‌ಕ್ರೀಂ ತಿಂದು ಕೆಮ್ಮಿದ್ದು, ಎಲ್ಲವೂ ಅಫಿಡವಿಟ್‌ನಲ್ಲಿ ಬಂತು. ನನಗೆ ಸಿಗುವುದು ಶನಿವಾರ ಮೂರು ಗಂಟೆ. ಆ ಮೂರು ಗಂಟೆಯಲ್ಲಿ ಅಪ್ಪ ಆಗಿರಲಾ, ಪರೀಕ್ಷೆ ಬರೆಯಲಾ?

ಮಾಮ, ನಿಮ್ಮ ಮೇಲೆ ಕೋಪ ಇಲ್ಲ. ಗೆಜ್ಜೆ ವಿಷಯ ಬರೆದಿರಲ್ಲ, ಅದನ್ನು ಓದಿ ಆಫೀಸಿನಲ್ಲೇ ಕಣ್ಣು ತುಂಬಿ ಬಂತು. ನನ್ನ ಮಗ ನಾನು ಕೊಡಿಸಿದ ಶೂ ನಮ್ಮ ಮನೆಯಲ್ಲೇ ಬಿಟ್ಟು ಹೋಗುತ್ತಾನೆ. ಯಾಕೆ ಅಂತ ನಾನೂ ಕೇಳಿಲ್ಲ.

2020ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ, ಮಗು ಯಾರ ಬಳಿ ಇಲ್ಲವೋ ಅವರು ದಿನಾ 5–10 ನಿಮಿಷ ಮಗುವಿನ ಜೊತೆ ಮಾತಾಡುವಂತಿರಬೇಕು ಅಂತ ಹೇಳಿದೆ. ವಿಡಿಯೋ ಕಾಲ್ ಆದರೂ ಸರಿ. ಇದು ಅಪ್ಪಂದಿರಿಗೆ ಮಾತ್ರ ಅಲ್ಲ, ಮಗು ತನ್ನ ಬಳಿ ಇಲ್ಲದ ಅಮ್ಮನಿಗೂ ಅನ್ವಯಿಸುತ್ತದೆ. ನಿಮ್ಮ ಭಾವನಿಗೆ ವಾರದ ದಿನಗಳಲ್ಲಿ ಫೋನ್ ಮಾಡಲು ಬಿಡುತ್ತೀರಾ?

ತುಮಕೂರು_ಮಾಮ

ಬಿಡುತ್ತಿಲ್ಲ ಸರ್. ಆದೇಶದಲ್ಲಿ ಫೋನ್ ಬಗ್ಗೆ ಏನೂ ಇಲ್ಲ ಅಂತ ನಾವೂ ಸುಮ್ಮನಿದ್ದೆವು. ಈ ಪ್ರಶ್ನೆಯನ್ನು ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಮಂಡ್ಯದ_ಅಮ್ಮ

ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ. ಸ್ವಲ್ಪ ನಿಲ್ಲಿ.

ನನ್ನ ಮಗನಿಗೆ ಆಗ 6 ವರ್ಷ. ಅಪ್ಪನ ಮನೆಯಿಂದ ಬಂದ ರಾತ್ರಿಗಳಲ್ಲಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದ. "ಚಿಕ್ಕ ಮಕ್ಕಳು ಮಾಡ್ತಾವೆ ಬಿಡಿ" ಅಂದರು. "ಅಮ್ಮ ಹೇಳಿಕೊಟ್ಟಿದ್ದಾಳೆ" ಅಂದರು. ಕೊನೆಗೆ ಕೌನ್ಸೆಲರ್ ಮುಂದೆ ಅವನೇ ಚಿತ್ರ ಬರೆದು, ಬೆಲ್ಟು ಎಲ್ಲಿ ನೇತು ಹಾಕಿರುತ್ತದೆ ಅಂತ ತೋರಿಸಿದ. ಆಮೇಲೆ ಕೌನ್ಸೆಲರ್ ಎದುರಲ್ಲಿ ಮಾತ್ರ ಭೇಟಿ ಅಂತ ಆದೇಶ ಆಯಿತು. ನನ್ನ ಮಗ ಮಾತಾಡದೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಲೂ ಆಗಲ್ಲ.

ಇಬ್ಬರೂ ಬೇಕು, ದಿನಾ ಫೋನ್ ಬೇಕು, ಎಲ್ಲ ಸರಿ. ಅದು ಹೊಡೆತ ಬಡಿತ ಇಲ್ಲದ ಮನೆಗೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 21ನೇ ಸೆಕ್ಷನ್ ಓದಿ. ಮಗುವನ್ನು ತಾತ್ಕಾಲಿಕವಾಗಿ ಅಮ್ಮನ ಸುಪರ್ದಿಗೆ ಕೊಡಬಹುದು. ಭೇಟಿಯಿಂದ ಮಗುವಿಗೆ ಕೆಡುಕಾಗುತ್ತದೆ ಅನ್ನಿಸಿದರೆ ಮ್ಯಾಜಿಸ್ಟ್ರೇಟ್ ಅದನ್ನು ನಿರಾಕರಿಸಬೇಕು ಅಂತಿದೆ. ಯಾರಾದರೂ ಇಂಥ ಮನೆಯಲ್ಲಿದ್ದು ಇದನ್ನು ಓದುತ್ತಿದ್ದರೆ ಅವರಿಗಾಗಿ ಬರೆದಿದ್ದೇನೆ. ಹೆದರಿಕೆ ಇದ್ದರೆ 1098ಕ್ಕೆ ಫೋನ್ ಮಾಡಿ, ಮಕ್ಕಳ ಸಹಾಯವಾಣಿ. ಹೊಂದಾಣಿಕೆ ಮಾತು ಆಮೇಲೆ.

ನಿವೃತ್ತ_ಕೌನ್ಸೆಲರ್

ಮಂಡ್ಯದ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಅದಕ್ಕೂ ಮೇಲಿನ ಮಾತುಗಳಿಗೂ ವಿರೋಧ ಇಲ್ಲ ಅಂತ ನನಗನ್ನಿಸುತ್ತದೆ. ವಿವರಿಸುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ನಾನು ಕೌಟುಂಬಿಕ ನ್ಯಾಯಾಲಯದಲ್ಲಿ ಕೌನ್ಸೆಲರ್ ಆಗಿದ್ದೆ. ಕೇಳುವುದರಲ್ಲಿ ಎರಡು ಥರ ಇದೆ. "ನಿನಗೆ ಏನಾಯಿತು, ನಿನ್ನ ದಿನ ಹೇಗೆ ಹೋಗುತ್ತೆ, ನಿನಗೆ ಯಾವುದು ಕಷ್ಟ" ಅಂತ ಕೇಳುವುದು ಒಂದು. "ನಿನಗೆ ಯಾರು ಬೇಕು" ಅಂತ ಕೇಳುವುದು ಇನ್ನೊಂದು. ಮೊದಲನೆಯದು ಮಗುವಿನ ಹಕ್ಕು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಅದನ್ನೇ ಹೇಳುತ್ತದೆ, ಭಾರತ ಅದನ್ನು 1992ರಲ್ಲಿ ಒಪ್ಪಿಕೊಂಡಿದೆ. ಎರಡನೆಯದು ಮಗುವಿನ ಕೈಗೆ ಕತ್ತರಿ ಕೊಟ್ಟು, ಅಪ್ಪನನ್ನೋ ಅಮ್ಮನನ್ನೋ ಕತ್ತರಿಸು ಅಂದ ಹಾಗೆ. ಹೊಡೆತ ತಿಂದ ಮಗು ಹೇಳುವುದಾದರೆ ಮೊದಲನೆಯ ಥರದ ಪ್ರಶ್ನೆಗೇ ಹೇಳುತ್ತದೆ. ಅದರ ಬಾಯಲ್ಲಿ ತೀರ್ಪು ಹೇಳಿಸಬೇಕಾಗಿಲ್ಲ.

ನನ್ನ ಮುಂದೆ ಕೂತ ಮಕ್ಕಳು ಏನು ಹೇಳುತ್ತಿದ್ದರು ಗೊತ್ತಾ? ದೊಡ್ಡವರು ಜಗಳ ಆಡುವ ವಿಷಯಗಳನ್ನಲ್ಲ. "ಪರೀಕ್ಷೆ ಹಿಂದಿನ ದಿನ ಬ್ಯಾಗ್ ಹೊತ್ತು ಬೇರೆ ಮನೆಗೆ ಹೋಗಕ್ಕೆ ಆಗಲ್ಲ." "ಅಪ್ಪನ ಮನೆಯಲ್ಲಿ ನಂಗೆ ದಿಂಬು ಇಲ್ಲ." "ಅಮ್ಮ ಫೋನ್ ಸ್ಪೀಕರ್‌ಗೆ ಹಾಕು ಅಂತಾರೆ, ಆಗ ಮಾತೇ ಬರಲ್ಲ." ಇವು ಸಣ್ಣ ಮಾತುಗಳಲ್ಲ. ಮಗುವಿನ ಹಿತ ಅಂತ ಕಾನೂನಿನ ಪುಸ್ತಕದಲ್ಲಿ ಇರುವುದು ಮಗುವಿನ ಬದುಕಿನಲ್ಲಿ ಇಂಥ ದಿಂಬು, ಇಂಥ ಸ್ಪೀಕರ್ ಆಗಿಯೇ ಇರುತ್ತದೆ. ಇದನ್ನು ಕೋರ್ಟಿನ ಮುಂದೆ ಇಟ್ಟರೆ ಜಡ್ಜ್ ಆದೇಶದಲ್ಲಿ ಒಂದು ಸಾಲು ಸೇರಿಸಿ ಸರಿ ಮಾಡಬಹುದು. ಯಾರೂ ಇಡುವುದಿಲ್ಲ, ಅದೇ ಸಂಕಟ.

ಮಾಮ, ಈಗ ನಿಮ್ಮ ನೋಟ್‌ಬುಕ್. ಅದರಲ್ಲಿ ಎಲ್ಲ ವಾಕ್ಯವೂ "ಭಾವ" ಅಂತ ಶುರುವಾಗುತ್ತದೆ ಅಲ್ವಾ? ಹೊಸ ನೋಟ್‌ಬುಕ್ ತೆಗೆದುಕೊಳ್ಳಿ. ಎಲ್ಲ ವಾಕ್ಯವೂ ಮಗುವಿನಿಂದ ಶುರುವಾಗಲಿ. ಯಾವ ರಾತ್ರಿ ಚೆನ್ನಾಗಿ ಮಲಗಿದಳು, ಯಾವ ದಿನ ಊಟ ಬಿಟ್ಟಳು, ಅಪ್ಪನ ಮನೆಯಿಂದ ಬಂದಾಗ ಯಾವುದನ್ನು ಖುಷಿಯಿಂದ ಹೇಳಿದಳು. ಕೊನೆಯದನ್ನೂ ಬರೆಯಬೇಕು. ಅದನ್ನು ಬರೆಯಲು ಕೈ ಬರದಿದ್ದರೆ ನೀವು ಮಗುವಿನ ಪರ ಇಲ್ಲ, ಅಕ್ಕನ ಪರ ಇದ್ದೀರಿ. ಅಕ್ಕನ ಪರ ಇರುವುದು ತಪ್ಪಲ್ಲ. ಆದರೆ ಎರಡೂ ಒಂದೇ ಅಂದುಕೊಳ್ಳಬೇಡಿ.

ಚೇಂಬರ್‌ಗೆ ಕಳಿಸುವ ಮುಂಚೆ ಅವಳಿಗೆ ಹೇಳಬೇಕಾಗಿರುವುದು ಇಷ್ಟೇ. ಒಬ್ಬರು ದೊಡ್ಡವರು ನಿನ್ನ ಜೊತೆ ಮಾತಾಡುತ್ತಾರೆ. ಗೊತ್ತಿಲ್ಲ ಅಂತ ಹೇಳಿದರೂ ನಡೆಯುತ್ತೆ, ಬೇಡ ಅನ್ನಿಸಿದರೆ ಸುಮ್ಮನೆ ಇದ್ದರೂ ನಡೆಯುತ್ತೆ. ನಿರ್ಧಾರ ಮಾಡುವವರು ಅವರು, ನೀನಲ್ಲ. ಹೊರಗೆ ಬಂದ ಮೇಲೆ "ಏನು ಕೇಳಿದರು, ಏನು ಹೇಳಿದೆ" ಅಂತ ನಿಮ್ಮಲ್ಲಿ ಯಾರೂ ಕೇಳಕೂಡದು. ಸೀದಾ ತಿಂಡಿ ಕೊಡಿಸಿ ಮನೆಗೆ ಕರೆದುಕೊಂಡು ಹೋಗಿ.

ಎರಡು_ಮನೆ_ಹುಡುಗಿ

ಕೌನ್ಸೆಲರ್ ಮೇಡಂ, ನೀವು ಹೇಳಿದ ಕತ್ತರಿ ನನ್ನ ಕೈಯಲ್ಲಿತ್ತು.

ನನಗೆ ಆಗ 10 ವರ್ಷ, ಈಗ 37. ಹಿಂದಿನ ರಾತ್ರಿ ಅಜ್ಜಿ ತಲೆಗೆ ಎಣ್ಣೆ ಹಚ್ಚುತ್ತಾ "ಅಮ್ಮನ ಹತ್ರಾನೇ ಇರ್ತೀನಿ ಅನ್ನು, ಅಪ್ಪ ಬೇಡ ಅನ್ನು" ಅಂತ ನಾಲ್ಕೈದು ಸಲ ಹೇಳಿಸಿದರು. ಒಳಗೆ ಹೋಗಿ ಹಾಗೇ ಅಂದೆ. ಹೊರಗೆ ಬಂದಾಗ ಅಪ್ಪ ಬೆಂಚಿನ ಮೇಲೆ ಕೂತಿದ್ದರು. ನನ್ನನ್ನು ನೋಡಿ ನಕ್ಕರು. ಒಳಗೆ ಏನಾಯಿತು ಅಂತ ಅವರಿಗೆ ಇನ್ನೂ ಗೊತ್ತಿರಲಿಲ್ಲ. ಆ ನಗು ನನಗೆ ಇವತ್ತಿಗೂ ಹಾಗೇ ಕಾಣುತ್ತದೆ.

ನಿಜಕ್ಕೂ ನನಗೆ ಬೇಕಾಗಿದ್ದು ಏನು ಗೊತ್ತಾ? ನನ್ನ ಸೈಕಲ್ ಅಪ್ಪನ ಮನೆಯಲ್ಲಿತ್ತು. ಅದನ್ನು ತರಬಹುದಾ ಅಂತ ಕೇಳಬೇಕಿತ್ತು. ಸೈಕಲ್ ಬಗ್ಗೆ ಯಾರೂ ಕೇಳಲಿಲ್ಲ. ನಾನು ಅಮ್ಮನ ಬಳಿಯೇ ಬೆಳೆದೆ, ಚೆನ್ನಾಗಿಯೇ ಬೆಳೆದೆ. ತೀರ್ಪು ತಪ್ಪು ಅಂತ ಹೇಳುತ್ತಿಲ್ಲ. "ಅಪ್ಪ ಬೇಡ" ಅನ್ನುವ ಮಾತು ನನ್ನ ಬಾಯಿಂದ ಬರಬೇಕಾಗಿರಲಿಲ್ಲ.

ಶಿವಮೊಗ್ಗ_ಮೇಷ್ಟ್ರು

ಶಾಲೆಯ ಕಡೆಯಿಂದ ಒಂದೆರಡು ಮಾತು. ಇಂಥ ಮಕ್ಕಳು ನನ್ನ ತರಗತಿಯಲ್ಲಿ ಪ್ರತಿವರ್ಷ ಇರುತ್ತಾರೆ. ಹಾಜರಿ, ಅಂಕ, ಮಗು ಯಾವ ವಾರ ಮಂಕಾಗಿತ್ತು ಅನ್ನುವುದು ಮೇಷ್ಟ್ರಿಗೆ ಗೊತ್ತಿರುತ್ತದೆ. ಕೋರ್ಟು ಕೇಳಿದರೆ ಶಾಲೆ ಬರವಣಿಗೆಯಲ್ಲಿ ಕೊಡುತ್ತದೆ. ಆದರೆ ಗೇಟಿನಲ್ಲಿ ನಿಲ್ಲಿಸಿ "ನಮ್ಮ ಕಡೆ ಸಾಕ್ಷಿ ಹೇಳಿ ಸರ್" ಅನ್ನಬೇಡಿ. ಮಗುವಿಗೆ ಜಗಳ ಇಲ್ಲದೆ ಉಳಿದಿರುವ ಜಾಗ ಶಾಲೆ ಒಂದೇ.

ಅಪ್ಪ ಅಮ್ಮ ಇಬ್ಬರ ಫೋನ್ ನಂಬರೂ ಶಾಲೆಯಲ್ಲಿ ಇರಲಿ. ಮಾರ್ಕ್ಸ್ ಕಾರ್ಡ್ ಇಬ್ಬರಿಗೂ ತೋರಿಸಲು ಬಿಡಿ. ಮಗುವನ್ನು ಒಂದು ಕಡೆಯವರಿಂದ ಇನ್ನೊಂದು ಕಡೆಯವರಿಗೆ ಒಪ್ಪಿಸುವುದು ಪೊಲೀಸ್ ಸ್ಟೇಷನ್ ಮುಂದೆ, ಕೋರ್ಟ್ ಆವರಣದಲ್ಲಿ ಬೇಡ. ಸಾಧ್ಯವಾದರೆ ಶಾಲೆ ಬಿಟ್ಟ ಮೇಲೆ ಗೇಟಿನಿಂದಲೇ ಆಗಲಿ. ಬೆಳಗ್ಗೆ ಒಬ್ಬರು ಬಿಟ್ಟು ಹೋಗುತ್ತಾರೆ, ಸಂಜೆ ಇನ್ನೊಬ್ಬರು ಕರೆದುಕೊಂಡು ಹೋಗುತ್ತಾರೆ. ಮಗು ಇಬ್ಬರ ಮಧ್ಯೆ ನಿಲ್ಲುವ ಪ್ರಸಂಗವೇ ಬರುವುದಿಲ್ಲ.

ಸಿಯಾಟಲ್_ಕನ್ನಡಿಗ

ನಾನಿರುವ ಊರಿನಲ್ಲೇ 1977ರಲ್ಲಿ ಶುರುವಾದ ಒಂದು ಪದ್ಧತಿ ಬಗ್ಗೆ ಹೇಳುತ್ತೇನೆ. ಇಲ್ಲಿನ ಜಡ್ಜ್ ಡೇವಿಡ್ ಸೂಕಪ್ ಅವರಿಗೆ ಮಕ್ಕಳ ಬಗ್ಗೆ ತನಗೆ ಸಾಕಷ್ಟು ಗೊತ್ತಿಲ್ಲದೆ ತೀರ್ಪು ಕೊಡುತ್ತಿದ್ದೇನೆ ಅನ್ನುವ ಚಿಂತೆ ಕಾಡುತ್ತಿತ್ತು. ಸಾಮಾನ್ಯ ಜನರನ್ನೇ ತರಬೇತಿ ಕೊಟ್ಟು ಮಗುವಿನ ಪರವಾಗಿ ಕೋರ್ಟಿಗೆ ವರದಿ ಕೊಡುವ ಸ್ವಯಂಸೇವಕರನ್ನಾಗಿ ಮಾಡಿದರು. ಅದಕ್ಕೆ ಕಾಸಾ ಅಂತ ಹೆಸರು, ಈಗ ಅಮೆರಿಕದ ತುಂಬಾ ಇದೆ. ನನ್ನ ಹೆಂಡತಿ ಅದರಲ್ಲಿದ್ದಾಳೆ. ಮಗುವನ್ನು ಆಗಾಗ ಹೋಗಿ ನೋಡುತ್ತಾಳೆ, ಶಾಲೆ, ಡಾಕ್ಟರು, ಸಾಕುವವರು ಎಲ್ಲರನ್ನೂ ಮಾತಾಡಿಸಿ ಜಡ್ಜ್‌ಗೆ ಬರೆದು ಕೊಡುತ್ತಾಳೆ. ಯಾರ ಕಡೆಯವಳೂ ಅಲ್ಲ.

ಒಂದು ವ್ಯತ್ಯಾಸ ಹೇಳಲೇಬೇಕು. ಇದು ಮುಖ್ಯವಾಗಿ ದೌರ್ಜನ್ಯ, ನಿರ್ಲಕ್ಷ್ಯ ಅಂತ ಸರಕಾರ ಮನೆಯಿಂದ ಬೇರೆ ಮಾಡಿದ ಮಕ್ಕಳಿಗೆ ಇರುವುದು. ಗಂಡ ಹೆಂಡತಿ ಬೇರೆಯಾದ ಕೇಸುಗಳಿಗೆ ಬೇರೆ ಏರ್ಪಾಡಿದೆ. ಆದರೂ ಮಗುವಿನ ಬಗ್ಗೆ ಬರೆಯಲೆಂದೇ ಒಬ್ಬ ಮನುಷ್ಯ ಇರಬೇಕು ಅನ್ನುವುದು ನಮ್ಮಲ್ಲಿಗೂ ಬಂದರೆ ಎಷ್ಟು ಚೆನ್ನ.

ಧಾರವಾಡದ_ವಕೀಲೆ

ಬರಬೇಕು ಸರ್. ಕಾನೂನು ಆಯೋಗ 2015ರಲ್ಲಿ 257ನೇ ವರದಿಯಲ್ಲಿ ಇಬ್ಬರೂ ಸೇರಿ ಮಗುವನ್ನು ನೋಡಿಕೊಳ್ಳುವ ಜಂಟಿ ಪಾಲನೆಗೆ ಅವಕಾಶ ಇರಬೇಕು ಅಂತ ಶಿಫಾರಸು ಮಾಡಿದೆ. ರಜೆ, ಶಾಲೆ, ಆಸ್ಪತ್ರೆ ಎಲ್ಲವನ್ನೂ ಮೊದಲೇ ಬರೆದುಕೊಳ್ಳುವ ಪಾಲನಾ ಯೋಜನೆಯ ಮಾತೂ ಅದರಲ್ಲಿದೆ. ಅದಕ್ಕೆಂದೇ ಕಾನೂನು ಇನ್ನೂ ಬಂದಿಲ್ಲ. ಆದರೆ ಅಂಥ ಯೋಜನೆ ಬರೆದುಕೊಂಡು ಕೋರ್ಟಿನ ಮುಂದೆ ಇಡಲು ಕಾನೂನಿಗೆ ಕಾಯಬೇಕಾಗಿಲ್ಲ. ಇಬ್ಬರೂ ಒಪ್ಪಿದರೆ ಮಧ್ಯಸ್ಥಿಕೆಯಲ್ಲಿ ಕೂತು ಒಂದೆರಡು ಪುಟದಲ್ಲಿ ಬರೆಯಬಹುದು. ಬೆಂಗಳೂರಿನಲ್ಲಂತೂ ಕೌಟುಂಬಿಕ ನ್ಯಾಯಾಲಯಗಳೂ ಮಧ್ಯಸ್ಥಿಕೆ ಕೇಂದ್ರವೂ ನ್ಯಾಯದೇಗುಲ ಅನ್ನುವ ಒಂದೇ ಕಟ್ಟಡದಲ್ಲಿವೆ.

ದುಡ್ಡಿನ ಬಗ್ಗೆ ನನಗೆ ಖಾಸಗಿಯಾಗಿ ಇಬ್ಬರು ಕೇಳಿದ್ದಾರೆ. ಕಾನೂನು ಸೇವೆಗಳ ಪ್ರಾಧಿಕಾರದಿಂದ ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನಲ್ಲೂ ಅದರ ಸಮಿತಿ ಇರುತ್ತದೆ. ಸಹಾಯವಾಣಿ 15100.

ಮಾಮ, ನೀವೇ ಮಗುವಿನ ಪರ ಮಾತಾಡಬಹುದಾ ಅಂತ ಕೇಳಿದ್ದಿರಿ. ಸಾಕ್ಷಿಯಾಗಿ ಹೇಳಬಹುದು. ಆದರೆ ನೀವು ಅಮ್ಮನ ತಮ್ಮ ಅನ್ನುವುದು ಎಲ್ಲರ ಕಣ್ಣಿಗೂ ಕಾಣುತ್ತದೆ. ನೀವು ಹೇಳಿದರೆ ಆಗುವುದಕ್ಕಿಂತ, 12ನೇ ಸೆಕ್ಷನ್ ಅರ್ಜಿಯಿಂದ ಬಂದ ತಜ್ಞರು ಹೇಳಿದರೆ ಜಾಸ್ತಿ ಉಪಯೋಗ.

ತುಮಕೂರು_ಮಾಮ

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ಕ್ಷಮಿಸಿ.

ಹಳೇ ನೋಟ್‌ಬುಕ್ ತೆಗೆದು ನೋಡಿದೆ. ಕೌನ್ಸೆಲರ್ ಮೇಡಂ ಹೇಳಿದ್ದು ನಿಜ. 41 ಪುಟ, ಒಂದು ಪುಟದಲ್ಲೂ ಅವಳಿಲ್ಲ. ಹೊಸದು ಶುರು ಮಾಡಿದ್ದೇನೆ. ಮೊದಲ ಪುಟದಲ್ಲಿ ಬರೆದಿದ್ದು: "ಭಾನುವಾರ ಅಪ್ಪನ ಜೊತೆ ಕೆರೆ ಏರಿ ಮೇಲೆ ನಡೆದುಕೊಂಡು ಹೋಗಿದ್ದಳಂತೆ. ಮಿಂಚುಳ್ಳಿ ನೋಡಿದಳಂತೆ. ಮಲಗುವವರೆಗೂ ನನಗೆ ಅದನ್ನೇ ಹೇಳಿದಳು." ಬರೆಯುವಾಗ ಕೈ ಸ್ವಲ್ಪ ತಡೆಯಿತು. ಬರೆದೆ.

ವಕೀಲರ ಹತ್ತಿರ ಅಕ್ಕನೂ ನಾನೂ ಹೋಗಿದ್ದೆವು. 12ನೇ ಸೆಕ್ಷನ್ ಅರ್ಜಿ ಹಾಕುತ್ತಾರೆ. ಬುಧವಾರ, ಶುಕ್ರವಾರ ರಾತ್ರಿ 8 ಗಂಟೆಗೆ ಅಪ್ಪ ಫೋನ್ ಮಾಡಬಹುದು ಅಂತ ನಾವೇ ಕೋರ್ಟಿಗೆ ಬರೆದು ಮೆಮೊ ಕೊಡೋಣ ಅಂದೆ. ಅಕ್ಕ ಮೊದಲು ಒಪ್ಪಲಿಲ್ಲ. ದಾರಿಯಲ್ಲೂ ಮಾತಾಡಲಿಲ್ಲ.

ಮನೆಗೆ ಬಂದ ಮೇಲೆ ಗೆಜ್ಜೆ ವಿಷಯ ಹೇಳಿದೆ. ಮಗು ಟ್ಯೂಷನ್‌ಗೆ ಹೋಗಿದ್ದಳು. ಅಕ್ಕ ಎದ್ದು ಹೋಗಿ ಬ್ಯಾಗಿನಿಂದ ಪೆನ್ಸಿಲ್ ಬಾಕ್ಸ್ ತೆಗೆದಳು. ಕರ್ಚೀಫ್ ಸರಿಸಿ ನೋಡಿದಳು. ಅವಸರದಲ್ಲಿ ಬಿಚ್ಚಿ ಬಿಚ್ಚಿ ಒಂದರ ಕೊಂಡಿ ಬಾಗಿತ್ತು. ಅದನ್ನು ಹಲ್ಲಿನಲ್ಲಿ ಕಚ್ಚಿ ನೆಟ್ಟಗೆ ಮಾಡಿದಳು, ಸರಿಯಾಗಿ ಕೂರುತ್ತಾ ಅಂತ ಎರಡು ಸಲ ಹಾಕಿ ತೆಗೆದು ನೋಡಿದಳು. ಎರಡನ್ನೂ ಬಾಕ್ಸಿನಲ್ಲಿ ಇಟ್ಟಳು. ಕರ್ಚೀಫ್ ಮಾತ್ರ ಒಗೆಯಲು ಹಾಕಿದಳು.

ಆಮೇಲೆ ಕೇಳಿದಳು, "ಬುಧವಾರ ಎಂಟು ಗಂಟೆ ಅಂದರೆ ಅವಳ ಊಟದ ಹೊತ್ತು. ಏಳೂವರೆ ಅಂತ ಬರೆಸಿದರೆ ಆಗಲ್ವಾ?"

ಧಾರವಾಡದ_ವಕೀಲೆ

ಆಗುತ್ತೆ. ಏಳೂವರೆ ಅಂತಲೇ ಬರೆಸಿ. ಪರೀಕ್ಷೆ ದಿನಗಳಿಗೆ, ದಸರಾ ರಜೆಗೆ ಬೇರೆ ಸಾಲು ಹಾಕಿಸುವುದನ್ನು ಮರೆಯಬೇಡಿ.